ಕಾನೂನು ಫೋನಲ್ಲಿದೆ, ಆದರೆ ಅದು ಯಾವ ರಾಜ್ಯದ್ದು?

(ಅವಲಪಲ್ಲಿಯಲ್ಲಿ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹರೂಪ)

ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯಿಂದ ಬಸ್ಸು ಹಿಡಿದು ಬಂದಿರೋ ತಮ್ಮಂದಿರಿಗೆ, ತಂಗಿಯರಿಗೆ ಮೊದಲೇ ಹೇಳಿಬಿಡ್ತೀವಿ, ನಾವು ವಕೀಲರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕೂತಿರೋರು. ಕಾಲೇಜಿನಲ್ಲಿ 'ಬಿಸಿನೆಸ್ ಲಾ' ಅನ್ನೋ ಒಂದು ಪೇಪರ್ ಇತ್ತು, ಅದು ಬಿಟ್ಟರೆ ಮಿಕ್ಕ ಕಾನೂನನ್ನೆಲ್ಲ ಓದಿಕೊಂಡಿದ್ದು ಫೋನಲ್ಲೇ. ಅದಕ್ಕೇ ಇವತ್ತಿನ ಮಾತು ಕಾನೂನಿನ ಉಪನ್ಯಾಸ ಅಲ್ಲ. ನಮ್ಮಂಥ ಸಾಮಾನ್ಯ ಜನ ಕಾನೂನನ್ನು ಹೇಗೆ ಕಲೀಬೇಕು, ಪಕ್ಕದವರಿಗೆ ಹೇಗೆ ಕಲಿಸಬೇಕು, ಅದಕ್ಕೆ ಬಿಟ್ಟಿಯಾಗಿ ಸಿಗೋ ಸಾಮಗ್ರಿ ಎಲ್ಲಿದೆ, ಇಷ್ಟೇ.

ಮನೇಲಿ ಜಮೀನಿನ ತಕರಾರು ಬಂತು ಅಂದುಕೊಳ್ಳಿ. ನಮ್ಮೋರು ಮೊದಲು ಏನು ಮಾಡ್ತಾರೆ? ಯೂಟ್ಯೂಬ್ ತೆಗೆದು ಕನ್ನಡದಲ್ಲಿ ಹುಡುಕ್ತಾರೆ. ಒಳ್ಳೊಳ್ಳೆ ವಿಡಿಯೋಗಳು ಸಿಗುತ್ತವೆ. ಪಹಣಿ ಹೇಗೆ ತೆಗೀಬೇಕು, ಭೂಮಿ ತಂತ್ರಾಂಶದಲ್ಲಿ ಏನು ನೋಡಬೇಕು, ಕಾವೇರಿಯಲ್ಲಿ ಇ.ಸಿ. ಹೇಗೆ ಸಿಗುತ್ತೆ, ನಾಡಕಚೇರಿಗೆ ಯಾವ ಅರ್ಜಿ, 79ಎ, 79ಬಿ ಕಲಂ ತೆಗೆದುಹಾಕಿದ್ದರಿಂದ ಏನಾಯ್ತು. ಎಲ್ಲ ಅಚ್ಚುಕಟ್ಟಾಗಿ ಹೇಳ್ತಾರೆ. ಹೇಳೋರದ್ದು ತಪ್ಪಿಲ್ಲ. ಆದರೆ ಅದೆಲ್ಲ ಕರ್ನಾಟಕದ ಕಾನೂನು. ನಮ್ಮ ಜಮೀನಿರೋದು ಕೃಷ್ಣಗಿರಿ ಜಿಲ್ಲೆಯಲ್ಲಿ. ಇಲ್ಲಿ ಪಹಣಿ ಇಲ್ಲ, ಪಟ್ಟಾ, ಚಿಟ್ಟಾ, ಅಡಂಗಲ್. ಖಾತೆ ಬದಲಾವಣೆ ಇಲ್ಲ, 'ಪಟ್ಟಾ ಮಾರುದಲ್'. ಇ.ಸಿ.ಗೆ 'ವಿಲ್ಲಂಗಂ' ಅಂತಾರೆ. ಇಲ್ಲಿ ಹೋಗಬೇಕಾದ್ದು ವಿ.ಎ.ಓ. ಹತ್ತಿರ. ಕೌಂಟರಿಗೆ ಬಂದು "ಪಹಣಿ ತಂದ್ರೆ ಸಾಲ ಕೊಡ್ತಾರಂತೆ, ವಿಡಿಯೋದಾಗೆ ಹೇಳವ್ರೆ, ಎಲ್ಲಿ ಸಿಗ್ತೈತಣ್ಣ?" ಅಂತ ಕೇಳಿದ ರೈತರನ್ನು ನಾವು ನೋಡಿದ್ದೀವಿ. ಹಂಗೇ ವಿ.ಎ.ಓ. ಕಚೇರಿಗೆ ಹೋಗಿ ಅದೇ ಮಾತಾಡಿದರೆ ಅವರಿಗೆ ಏನು ಅರ್ಥ ಆಗಬೇಕು?

ಗೆಳೆಯರೇ, ನಮ್ಮ ಭಾಷೆಯಲ್ಲಿ ಸಿಗೋ ಕಾನೂನು ಬೇರೆ ರಾಜ್ಯದ್ದು, ನಮ್ಮ ರಾಜ್ಯದ ಕಾನೂನು ಬೇರೆ ಭಾಷೆಯದ್ದು. ಬೆಂಗಳೂರಿನಲ್ಲಿರೋ ಕನ್ನಡಿಗನಿಗೂ ಈ ಕಷ್ಟ ಇಲ್ಲ, ಸೇಲಂನಲ್ಲಿರೋ ತಮಿಳನಿಗೂ ಇಲ್ಲ. ಅವರು ಹುಡುಕಿದ್ದು ಅವರಿಗೆ ಸರಿಯಾಗಿ ಹೊಂದುತ್ತೆ. ನಮಗೆ ಹೊಂದಲ್ಲ. ಹೊಂದಲ್ಲ ಅನ್ನೋದು ಕೂಡ ನಮಗೆ ಗೊತ್ತಾಗಲ್ಲ, ಯಾಕಂದ್ರೆ ವಿಡಿಯೋ ಅಪ್ಪಟ ಕನ್ನಡದಲ್ಲಿದೆ.

ಹೆಣ್ಣುಮಕ್ಕಳ ಆಸ್ತಿ ಹಕ್ಕನ್ನೇ ತಗೊಳ್ಳಿ. ನಮ್ಮ ಕಡೆ ಮಾಲೂರು, ಆನೇಕಲ್‌ನಿಂದ ಹೆಣ್ಣು ತರ್ತೀವಿ, ಅಲ್ಲಿಗೆ ಕೊಡ್ತೀವಿ. ತಮಿಳುನಾಡು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿದ್ದು 1989ರ ಮಾರ್ಚ್ 25ರಿಂದ, ಅವತ್ತಿಗೆ ಮದುವೆ ಆಗದೇ ಇದ್ದವರಿಗೆ. ಕರ್ನಾಟಕದಲ್ಲಿ ಇಂಥದ್ದೇ ತಿದ್ದುಪಡಿ ಜಾರಿಗೆ ಬಂದಿದ್ದು 1994ರ ಜುಲೈ 30ಕ್ಕೆ. ಐದು ವರ್ಷದ ಅಂತರ. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದು ಇಡೀ ದೇಶಕ್ಕೆ ಒಂದೇ ಆಯ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದ ಬರೋದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಆಗಿರೋ ವಿಭಾಗ ಪತ್ರಗಳನ್ನ ಹೊಸ ತಿದ್ದುಪಡಿ ಮುಟ್ಟಲ್ಲ. ಅಂದ್ರೆ 1991ರಲ್ಲಿ ಹೊಸೂರಿನ ಜಮೀನು ಭಾಗ ಆಗಿದ್ರೆ, ಆಗ ಮದುವೆ ಆಗದೇ ಇದ್ದ ಅಕ್ಕನ ಪಾಲಿನ ಪ್ರಶ್ನೆಗೆ ಕರ್ನಾಟಕದ ತಾರೀಖು ಹಿಡ್ಕೊಂಡು ಉತ್ತರ ಹೇಳಿದರೆ ಆ ಅಕ್ಕನಿಗೆ ಮೋಸ ಆಗುತ್ತೆ. ಕನ್ನಡದ ವಿಡಿಯೋ 1994 ಅನ್ನುತ್ತೆ. ಜಮೀನು 1989ರ ರಾಜ್ಯದಲ್ಲಿದೆ.

ಹಾಗಾದ್ರೆ ಎಲ್ಲಿ ಓದಬೇಕು? ದೇಶದ ಕಾಯ್ದೆಗಳೆಲ್ಲ, ರಾಜ್ಯದ ಕಾಯ್ದೆಗಳೂ ಸೇರಿ, 'ಇಂಡಿಯಾ ಕೋಡ್' ಅನ್ನೋ ಸರ್ಕಾರಿ ತಾಣದಲ್ಲಿವೆ. ತೀರ್ಪುಗಳಿಗೆ 2008ರಲ್ಲಿ ಶುರುವಾದ 'ಇಂಡಿಯನ್ ಕಾನೂನ್' ಇದೆ. ಸುಪ್ರೀಂ ಕೋರ್ಟಿನದೇ 'ಇ-ಎಸ್‌ಸಿಆರ್' 2023ರ ಜನವರಿ 2ರಂದು ಶುರುವಾಯ್ತು, ಸುಮಾರು 34,000 ತೀರ್ಪುಗಳು ಒಂದು ರೂಪಾಯಿ ಇಲ್ಲದೆ. ಅದೇ ತಿಂಗಳ 26ಕ್ಕೆ ಭಾರತೀಯ ಭಾಷೆಗಳಿಗೆ ಅನುವಾದ ಆದ 1,091 ತೀರ್ಪುಗಳನ್ನ ಹಾಕಿದರು. ಅದರಲ್ಲಿ ತಮಿಳಿನವು 52, ಕನ್ನಡದವು 17. ಆಮೇಲೆ ಎರಡೂ ಬೆಳೆದಿವೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹುಬ್ಬಳ್ಳಿಯದ್ದು, ಎಲ್‌ಎಲ್‌.ಬಿ. ವಿದ್ಯಾರ್ಥಿಗಳಿಗೆ ಅಂತ ಓದುವ ಸಾಮಗ್ರಿಯನ್ನ ತನ್ನ ತಾಣದಲ್ಲೇ ಹಾಕಿದೆ. 'ಸ್ವಯಂ'ನಲ್ಲಿ, 'ಇ-ಪಿಜಿ ಪಾಠಶಾಲಾ'ದಲ್ಲಿ ಕಾನೂನಿನ ಪಾಠಗಳಿವೆ, ಹೆಚ್ಚಿನವು ಇಂಗ್ಲಿಷಿನಲ್ಲಿ.

ಇನ್ನೊಂದಿದೆ, ಯಾರೂ ಅದನ್ನ ಕಾನೂನಿನ ಪುಸ್ತಕ ಅಂತ ನೋಡೋದೇ ಇಲ್ಲ. ತಮಿಳುನಾಡು ಪಠ್ಯಪುಸ್ತಕ ನಿಗಮ ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಅಂತ ಕನ್ನಡದಲ್ಲೇ ಸಮಾಜ ವಿಜ್ಞಾನ ಪುಸ್ತಕ ಅಚ್ಚು ಹಾಕಿಸುತ್ತೆ. ಒಂಬತ್ತನೇ ತರಗತಿಯಲ್ಲಿ ಮಾನವ ಹಕ್ಕು, ಸ್ಥಳೀಯ ಸರ್ಕಾರ. ಹತ್ತನೇ ತರಗತಿಯಲ್ಲಿ ಸಂವಿಧಾನ, ರಾಜ್ಯ ಸರ್ಕಾರ. ತಮಿಳುನಾಡಿನ ಆಡಳಿತವನ್ನ ಕನ್ನಡ ಪದಗಳಲ್ಲಿ ಹೇಳೋ ಪುಸ್ತಕ ಬೇರೆ ಎಲ್ಲಿ ಸಿಗುತ್ತೆ? ಮನೇಲಿ ತಮ್ಮನೋ ತಂಗಿಯೋ ಓದಿ ಮೂಲೆಗೆ ಹಾಕಿರೋ ಪುಸ್ತಕ ಅದು. ತೂಕಕ್ಕೆ ಹಾಕಬೇಡಿ.

ಇಲ್ಲಿ ಬಿಟ್ಟಿ ಅನ್ನೋದಕ್ಕೂ ಮುಕ್ತ ಅನ್ನೋದಕ್ಕೂ ವ್ಯತ್ಯಾಸ ಇದೆ. ಯೂಟ್ಯೂಬ್ ವಿಡಿಯೋ ಬಿಟ್ಟಿ, ಆದರೆ ಮಾಡಿದೋರು ಬೇರೆ ಥರ ಹೇಳದೇ ಇದ್ರೆ ಅದನ್ನ ಕತ್ತರಿಸಿ, ಅನುವಾದಿಸಿ, ನಮ್ಮದಾಗಿ ಹಂಚೋಕೆ ಹಕ್ಕಿಲ್ಲ. ಮುಕ್ತ ಸಾಮಗ್ರಿ ಅಂದ್ರೆ ನಕಲು ಮಾಡಬಹುದು, ಬದಲಾಯಿಸಬಹುದು, ನಮ್ಮ ಭಾಷೆಗೆ ತರಬಹುದು, ಹಂಚಬಹುದು. ವಿಕಿಪೀಡಿಯ ಹಾಗೆ. ಕಾನೂನಿನ ವಿಷಯದಲ್ಲಿ ಒಂದು ಖುಷಿಯ ಸಂಗತಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಓದಿ. ಕೋರ್ಟ್ ತಡೆ ಹಾಕದೇ ಇದ್ರೆ ಯಾವ ತೀರ್ಪನ್ನಾದ್ರೂ ಯಾರು ಬೇಕಾದ್ರೂ ಪ್ರಕಟಿಸಬಹುದು. ಶಾಸನಸಭೆಯ ಕಾಯ್ದೆಯನ್ನ ವಿವರಣೆ ಸೇರಿಸಿ ಪ್ರಕಟಿಸಬಹುದು. ಅದಕ್ಕಿಂತ ಮುಖ್ಯವಾದದ್ದು 52(1)(ಆರ್). ಒಂದು ಕಾಯ್ದೆಯನ್ನ ಸರ್ಕಾರ ಯಾವುದೋ ಭಾರತೀಯ ಭಾಷೆಯಲ್ಲಿ ಅನುವಾದ ಮಾಡಿಲ್ಲ, ಅಥವಾ ಮಾಡಿದ್ರೂ ಜನಕ್ಕೆ ಮಾರಾಟಕ್ಕೆ ಸಿಗಲ್ಲ ಅಂದ್ರೆ, ಆ ಭಾಷೆಗೆ ಅದನ್ನ ನಾವೇ ಅನುವಾದ ಮಾಡಿ ಪ್ರಕಟಿಸಬಹುದು. ಒಂದೇ ಷರತ್ತು, ಈ ಅನುವಾದವನ್ನ ಸರ್ಕಾರ ಅಧಿಕೃತ ಅಂತ ಒಪ್ಪಿಲ್ಲ ಅನ್ನೋ ಸಾಲನ್ನ ಎದ್ದು ಕಾಣೋ ಜಾಗದಲ್ಲಿ ಹಾಕಬೇಕು. ಇಲ್ಲಿ ಕೂತಿರೋ ಯಾರಾದ್ರೂ ತಮಿಳುನಾಡಿನ ಕಾಯ್ದೆಯೊಂದನ್ನ ಕನ್ನಡಕ್ಕೆ ತಂದ್ರೆ ತಡೆಯೋರಿಲ್ಲ. ಅನುಮತಿಗೆ ಚೆನ್ನೈಗೆ ಹೋಗಬೇಕಾಗಿಲ್ಲ.

ಈಗ ಕಲಿಸೋ ಬಗೆ. ನಾವು ಒಂದಷ್ಟು ಜನ ಭಾನುವಾರ ಸಂಜೆ ಕೂತು ಮಾಡ್ತಿರೋದನ್ನೇ ಹೇಳ್ತೀವಿ. ಒಂದು ದಿನಕ್ಕೆ ಒಂದೇ ಕಲಂ. ಉದಾಹರಣೆಗೆ 1872ರ ಕರಾರು ಕಾಯ್ದೆಯ 128ನೇ ಕಲಂ. ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಇದೆ. ಸಾರಾಂಶ ಏನಪ್ಪಾ ಅಂದ್ರೆ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಇದನ್ನ ಒಬ್ಬರು ಇಂಗ್ಲಿಷಿನಲ್ಲಿ ಓದ್ತಾರೆ, ಒಬ್ಬರು ತಮಿಳಿನಲ್ಲಿ ಹೇಳ್ತಾರೆ, ಒಬ್ಬರು ಕನ್ನಡದಲ್ಲಿ ಬರೀತಾರೆ. ಆಮೇಲೆ ಊರಿನ ಉದಾಹರಣೆ. ಬೈಕ್ ಸಾಲಕ್ಕೆ ಸ್ನೇಹಿತ ಕರೀತಾನೆ, "ಸುಮ್ನೆ ಒಂದು ಸಾಕ್ಷಿ ಸೈನು ಮಚ್ಚಾ" ಅಂತಾನೆ. ಹೋಗಿ ಹಾಕ್ತಾರೆ. ಕಾಗದದಲ್ಲಿ ಅದು ಸಾಕ್ಷಿ ಸೈನಲ್ಲ, ಜಾಮೀನು ಸೈನು. ಸ್ನೇಹಿತ ಕಂತು ಕಟ್ಟೋದು ನಿಲ್ಲಿಸಿದ ದಿನ ನೋಟಿಸು ಇವರ ಮನೆಗೆ ಬರುತ್ತೆ. "ನಾನು ಬರೀ ಸಾಕ್ಷಿ ಸಾರ್" ಅನ್ನೋ ಮಾತನ್ನ ನಾವು ಕೌಂಟರಿನ ಈ ಕಡೆಯಿಂದ ಎಷ್ಟು ಸಲ ಕೇಳಿದ್ದೀವೋ ಲೆಕ್ಕ ಇಲ್ಲ. ಇಪ್ಪತ್ತು ನಿಮಿಷದ ಪಾಠ ಇದು. ಸಿಪ್ಕಾಟ್‌ನಲ್ಲಿ ಕೆಲಸಕ್ಕೆ ಸೇರೋ ಪ್ರತಿ ಹುಡುಗನಿಗೂ ಮೊದಲ ಸಂಬಳಕ್ಕಿಂತ ಮುಂಚೆ ಈ ಪಾಠ ಆಗಿರಬೇಕು.

ಅದೇ ಥರ ಸರ್ಫೇಸಿ ಅಂತ 2002ರ ಕಾಯ್ದೆ. ಬ್ಯಾಂಕು ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಹಿಡಿಯೋದಕ್ಕೆ ಮುಂಚೆ 60 ದಿನದ ನೋಟಿಸು ಕೊಡಬೇಕು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸಲ್ಲ, 31ನೇ ಕಲಂ ನೋಡಿ. ಸಾಲ ಮನ್ನಾ ಆಗುತ್ತೆ ಅಂತ ಅರ್ಥ ಅಲ್ಲ, ಈ ದಾರಿಯಲ್ಲಿ ಹಿಡಿಯೋಕಾಗಲ್ಲ ಅಂತ. ಬ್ಯಾಂಕಿನವರಾಗಿ ನಾವು ಇದನ್ನ ಹೇಳಬಹುದಾ ಅಂತ ಕೆಲವರು ಕೇಳ್ತಾರೆ. ಸಂಸತ್ತು ಮಾಡಿದ ಕಾಯ್ದೆ ಬ್ಯಾಂಕಿನ ಗುಟ್ಟಲ್ಲ.

ಮೂರು ಭಾಷೆಯಲ್ಲಿ ಓದೋದು ಯಾಕೆ? ಫೋನಿನ ಅನುವಾದವನ್ನ ಹಾಗೇ ನಂಬಿದರೆ ಕೆಡುತ್ತೀವಿ. ಕರಾರು ಕಾಯ್ದೆಯಲ್ಲಿ 'ಕನ್ಸಿಡರೇಶನ್' ಅಂದ್ರೆ ಪ್ರತಿಫಲ. ಫೋನನ್ನ ಕೇಳಿದರೆ 'ಪರಿಗಣನೆ' ಅನ್ನುತ್ತೆ. ಪ್ರತಿಫಲ ಇಲ್ಲದ ಕರಾರು ಸಾಮಾನ್ಯವಾಗಿ ನಿಲ್ಲಲ್ಲ ಅನ್ನೋದು ಪಾಠ, ಪರಿಗಣನೆ ಇಲ್ಲದ ಕರಾರು ಅಂದ್ರೆ ಯಾರಿಗೆ ಏನು ತಿಳಿಯುತ್ತೆ? ತೀರ್ಪಿನ ಮೊದಲ ಸಾಲಲ್ಲೇ 'ಲೀವ್ ಗ್ರಾಂಟೆಡ್' ಅಂತಿರುತ್ತೆ. ಮೇಲ್ಮನವಿಗೆ ಅನುಮತಿ ಕೊಟ್ಟಿದೆ ಅಂತ ಅರ್ಥ. ಯಂತ್ರ ಅದನ್ನ ರಜೆ ಮಂಜೂರು ಮಾಡಿಬಿಡುತ್ತೆ! 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ 'ಸುವಾಸ್' ಅನ್ನೋ ಅನುವಾದ ತಂತ್ರಾಂಶ ತಂದಿತು. ಕನ್ನಡಕ್ಕೂ ಅದು ಕೆಲಸ ಮಾಡುತ್ತೆ. ಆದ್ರೂ ಅನುವಾದವಾದ ತೀರ್ಪುಗಳ ಮೇಲೆ, ಇದು ಕಕ್ಷಿದಾರರ ತಿಳಿವಳಿಕೆಗೆ ಮಾತ್ರ, ಇಂಗ್ಲಿಷ್ ಪ್ರತಿಯೇ ಅಧಿಕೃತ ಅಂತ ಬರೆದಿರ್ತಾರೆ. ನಾವೂ ಹಾಗೇ ಇಟ್ಟುಕೊಳ್ಳೋಣ, ಯಂತ್ರದ ಅನುವಾದ ಕರಡು, ಅದನ್ನ ತಿದ್ದೋರು ನಾವು.

ತಿದ್ದೋ ಕೆಲಸಕ್ಕೆ ನಮ್ಮಷ್ಟು ಲಾಯಕ್ಕಾದೋರು ಇನ್ನೊಬ್ಬರಿಲ್ಲ. ಯಾಕಂದ್ರೆ ನಮಗೆ ತಮಿಳೂ ಗೊತ್ತು. 'ತೀರ್ಪು' ಎರಡೂ ಭಾಷೆಯಲ್ಲಿ ಒಂದೇ. 'ಉಯಿಲು' ಒಂದೇ. ಕ್ರಯಪತ್ರ ಅಲ್ಲಿ 'ಕಿರಯಪ್ಪತ್ತಿರಂ'. ಆದರೆ ವಿಭಾಗ ಪತ್ರ ಅಲ್ಲಿ 'ಪಾಗಪ್ಪಿರಿವಿನೈ', ಕಲಂ 'ಪಿರಿವು', ಅರ್ಜಿ 'ಮನು', ಕಾಯ್ದೆ 'ಸಟ್ಟಂ'. ಇಂಥ ಒಂದು ಇನ್ನೂರು ಪದದ ಪಟ್ಟಿ ಸಾಕು, ನಮ್ಮಜ್ಜಿ ಕೈಲಿರೋ ತಾಲ್ಲೂಕಾಫೀಸಿನ ಕಾಗದ ಅರ್ಥ ಆಗಿಬಿಡುತ್ತೆ. ಧಾರವಾಡದ ಪ್ರೊಫೆಸರು ಈ ಪಟ್ಟಿ ಮಾಡಲ್ಲ, ಮದುರೈನವರೂ ಮಾಡಲ್ಲ.

ಇನ್ನು ನಮ್ಮದೇ ಕಾನೂನು, ಭಾಷಾ ಅಲ್ಪಸಂಖ್ಯಾತರದ್ದು. ಇದನ್ನ ಬರೀ ಘೋಷಣೆಯಾಗಿ ಕಲೀಬೇಡಿ, ಪಠ್ಯವಾಗಿ ಕಲೀರಿ. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡೋ ಹಕ್ಕು ಎಲ್ಲರಿಗೂ ಇದೆ ಅನ್ನುತ್ತೆ. ಕಲೆಕ್ಟರಿಗೆ ಕನ್ನಡದಲ್ಲಿ ಮನವಿ ಕೊಡಬಹುದು. ಉತ್ತರ ಕನ್ನಡದಲ್ಲೇ ಬರಬೇಕು ಅಂತ ಆ ವಿಧಿ ಹೇಳಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಪ್ರಕಾರ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲವೇ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಹೊಸೂರಿನಲ್ಲಿ ಅದು ತಮಿಳು. ಹಾಗಾಗಿ ಕುಂದುಕೊರತೆ ಕನ್ನಡದಲ್ಲಿ, ಮಾಹಿತಿ ಹಕ್ಕು ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಎರಡನ್ನೂ ಕಲಸಿಕೊಂಡರೆ ಒಂದು ತಿಂಗಳು ಸುಮ್ಮನೆ ಹೋಗುತ್ತೆ. ಕೇರಳದಲ್ಲಿ ನೋಡಿ, ಅಲ್ಲಿನ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಪತ್ರವ್ಯವಹಾರಕ್ಕೆ ತಮ್ಮ ಭಾಷೆ ಬಳಸೋಕೆ ಅವಕಾಶ ಇದೆ. ಕಾಸರಗೋಡಿನವರು ಅದನ್ನ ಬಾಯಿಪಾಠ ಮಾಡಿಕೊಂಡಿರಬೇಕು.

350ಎ, ಅಂದ್ರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯ, 1956ರ ಏಳನೇ ತಿದ್ದುಪಡಿಯಿಂದ ಬಂತು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನ ಕಡ್ಡಾಯ ಮಾಡಿತು, ಭಾಗ ಒಂದು ತಮಿಳು, ಭಾಗ ಎರಡು ಇಂಗ್ಲಿಷು. ಕನ್ನಡ ಭಾಗ ನಾಲ್ಕರಲ್ಲಿ, ಅದೂ ಐಚ್ಛಿಕವಾಗಿ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಹತ್ತನೇ ತರಗತಿಯ ತಮಿಳು ಪತ್ರಿಕೆಯಿಂದ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಕೊಟ್ಟಿತು. ಒಂದು ವರ್ಷಕ್ಕೆ. ಇದನ್ನ ನಾವೆಲ್ಲ ಸಂಭ್ರಮದಿಂದ ಹಂಚಿಕೊಂಡೆವು. ಅದರ ಜೊತೆಗೆ 2004ರ ಉಷಾ ಮೆಹ್ತಾ ಪ್ರಕರಣವನ್ನೂ ಓದಬೇಕು. ಅಲ್ಲಿ ಮಹಾರಾಷ್ಟ್ರದ ಗುಜರಾತಿಗಳು ಮರಾಠಿ ಕಡ್ಡಾಯ ಬೇಡ ಅಂದ್ರು, ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2014ರ ಮೇ 6ರ ಸಂವಿಧಾನ ಪೀಠದ ತೀರ್ಪನ್ನೂ ಓದಬೇಕು. ಕರ್ನಾಟಕದ ಕನ್ನಡ ಮಾಧ್ಯಮ ನೀತಿಯನ್ನ ಬಿಟ್ಟುಹಾಕಿ, ಮಗು ಯಾವ ಮಾಧ್ಯಮದಲ್ಲಿ ಓದಬೇಕು ಅನ್ನೋದು ತಂದೆತಾಯಿಯ ಆಯ್ಕೆ ಅಂದ ತೀರ್ಪು ಅದು. ಗಡಿಯ ಆ ಕಡೆ ಕನ್ನಡಿಗರಿಗೆ ಬೇಜಾರಾದ ತೀರ್ಪು, ಗಡಿಯ ಈ ಕಡೆ ನಮಗೆ ಆಯ್ಕೆಯ ಹಕ್ಕು ಹೇಳಿಕೊಡುತ್ತೆ. 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳು, ಅಲ್ಪಸಂಖ್ಯಾತರು ಯಾರು ಅನ್ನೋದನ್ನ ರಾಜ್ಯವಾರು ನೋಡಬೇಕು ಅಂದ್ರು. ಹೊಸೂರಿನ ಕನ್ನಡಿಗನಿಗೂ ಬೆಂಗಳೂರಿನ ತಮಿಳನಿಗೂ ರಕ್ಷಣೆ ಕೊಡೋದು ಅದೇ ಸಾಲು. ನಮಗೆ ಅನುಕೂಲವಾದ ತೀರ್ಪನ್ನ ಮಾತ್ರ ಕಲಿಸಿದರೆ ಎದುರು ಪಕ್ಷದ ವಕೀಲ ಮೊದಲ ದಿನವೇ ನಮ್ಮನ್ನ ಕೂರಿಸಿಬಿಡ್ತಾನೆ.

ತಂಗಿಯೊಬ್ಬಳು ಆಗಲೇ ಕೇಳಿದಳು, "ಅಣ್ಣ, ಫೋನಲ್ಲೇ ಓದಿ ಲಾಯರ್ ಆಗಬಹುದಾ?" ಆಗಲ್ಲಮ್ಮ. ಬಾರ್ ಕೌನ್ಸಿಲ್ ಅಂಚೆ ಶಿಕ್ಷಣದ ಎಲ್‌ಎಲ್‌.ಬಿ.ಯನ್ನ ಒಪ್ಪಲ್ಲ. ಯಾವ ಡಿಗ್ರಿ ಆದಮೇಲೂ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಬಹುದು, ಆದರೆ ಕಾಲೇಜಿಗೆ ಹೋಗಬೇಕು. ಇಲ್ಲಿಯ ಕೆಳ ನ್ಯಾಯಾಲಯದಲ್ಲಿ ತಮಿಳಿಲ್ಲದೆ ಒಂದು ಹೆಜ್ಜೆ ಇಡೋಕಾಗಲ್ಲ. ಸಾಕ್ಷಿ ಹೇಳೋರು ಕನ್ನಡದಲ್ಲಿ ಹೇಳ್ತಾರೆ, ದಾಖಲೆ ತಮಿಳಿನಲ್ಲಿ, ಮೇಲಿನ ಕೋರ್ಟು ಇಂಗ್ಲಿಷಿನಲ್ಲಿ. ಮೂರೂ ಬರೋ ವಕೀಲೆ ಹೊಸೂರಿಗೆ ಬೇಕು. ಹಾಗಾಗಿ ಕನ್ನಡದ ಹೆಸರಲ್ಲಿ ತಮಿಳನ್ನ ಓದದೇ ಕೂರೋದು ನಮ್ಮ ಮಕ್ಕಳಿಗೆ ನಾವೇ ಮಾಡೋ ನಷ್ಟ. ಈ ಮಾತು ನಮ್ಮಲ್ಲೇ ಕೆಲವರಿಗೆ ಹಿಡಿಸಲ್ಲ, ಗೊತ್ತು.

ಇನ್ನು ಎರಡು ಎಚ್ಚರಿಕೆ. ತಾರೀಖು ನೋಡಿ. 2024ರ ಜುಲೈ 1ರಿಂದ ಐ.ಪಿ.ಸಿ. ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 420 ಅನ್ನೋ ನಂಬರು ಸಿನಿಮಾದಲ್ಲಷ್ಟೇ ಉಳಿಯೋದು. ಹಳೇ ನೋಟ್ಸ್ ಹಂಚೋದಕ್ಕೆ ಮುಂಚೆ ಇದನ್ನ ನೋಡಿಕೊಳ್ಳಿ. ಎರಡನೇದು, ನಮ್ಮ ಪಾಠ ತಿಳಿವಳಿಕೆಗೆ. ಕೇಸು ಬಂದಾಗ ವಕೀಲರು ಬೇಕೇ ಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಕಾರ್ಖಾನೆಗೆ ಹೋಗೋ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ತಮ್ಮ ಹೆಸರು ಆ ಪಟ್ಟಿಯಲ್ಲಿರೋದು ಗೊತ್ತು? ನಂಬರು 15100, ಫೋನಲ್ಲಿ ಇಟ್ಟುಕೊಳ್ಳಿ.

ಮೊದಲ ಕೆಲಸ ಅಂತ ನಾವು ಆರಿಸಿಕೊಂಡಿರೋದು ಆ 2006ರ ತಮಿಳು ಕಲಿಕೆ ಕಾಯ್ದೆಯನ್ನೇ. ಉದ್ದ ಏನಿಲ್ಲ, ಚಿಕ್ಕ ಕಾಯ್ದೆ. ಇಷ್ಟು ವರ್ಷ ಅದರ ಬಗ್ಗೆ ಮಾತಾಡಿ, ಹೋರಾಡಿ, ಕೋರ್ಟಿಗೂ ಹೋಗಿ ಬಂದಮೇಲೂ ನಮ್ಮ ಊರಿನ ಅಪ್ಪ ಅಮ್ಮಂದಿರು ಅದನ್ನ ಕನ್ನಡದಲ್ಲಿ ಓದಿಲ್ಲ. ಒಬ್ಬೊಬ್ಬರು ಒಂದೊಂದು ಕಲಂ ತಗೊಂಡರೆ ಒಂದು ಭಾನುವಾರಕ್ಕೆ ಕರಡು ಆಗುತ್ತೆ. ಇನ್ನೊಂದು ಭಾನುವಾರ ಜೋರಾಗಿ ಓದಿ ತಿದ್ದೋಣ, ಕಾನೂನು ಓದಿದ ಒಬ್ಬರಿಗೆ ತೋರಿಸೋಣ, ಸರ್ಕಾರ ಒಪ್ಪಿದ ಅನುವಾದ ಇದಲ್ಲ ಅನ್ನೋ ಸಾಲನ್ನ ಮೇಲುಗಡೆ ದಪ್ಪಕ್ಷರದಲ್ಲಿ ಹಾಕೋಣ, ಯಾರು ಬೇಕಾದ್ರೂ ನಕಲು ಮಾಡಿ ಅಂತ ಕೆಳಗೆ ಬರೆಯೋಣ. ವಿಕಿಸೋರ್ಸಿಗೆ ಅವರ ನಿಯಮ ಒಪ್ಪಿದರೆ ಹಾಕೋಣ, ಇಲ್ಲಾಂದ್ರೆ ಪಿಡಿಎಫ್ ಮಾಡಿ ಹಂಚೋಣ.

ಬರುವ ಭಾನುವಾರ ಸಂಜೆ ಐದಕ್ಕೆ ಇಲ್ಲೇ. ಬರೋರು ಮನೆಯಲ್ಲಿರೋ ಒಂದು ತಮಿಳು ಕಾಗದದ ನಕಲು ತನ್ನಿ, ಪಟ್ಟಾನೋ, ನೋಟಿಸೋ, ಸಾಲದ ಪತ್ರಾನೋ ಯಾವುದಾದ್ರೂ ಸರಿ. ಹೆಸರು, ಆಧಾರ್ ನಂಬರು, ಸರ್ವೇ ನಂಬರು ಮುಚ್ಚಿ ನಕಲು ಮಾಡಿಸಿ. ಅದರಲ್ಲಿ ಅರ್ಥ ಆಗದ ಪದಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ಬನ್ನಿ. ಪದಪಟ್ಟಿ ಅಲ್ಲಿಂದ ಶುರು ಮಾಡ್ತೀವಿ.